ಭದ್ರಾವತಿ ಎಷ್ಟು ಗಂಟೆ?

ಶಿವಮೊಗ್ಗದ ಬಸ್ ನಿಲ್ದಾಣದೆದುರು 'ದೂರ ಮತ್ತು ಹಾರಾಟದ ಸಮಯ' ಎಂಬ ನೀಲಿ ಫಲಕವನ್ನು ನೆಡಿಸಿದ ಅಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಫಲಕದ ಮೊದಲ ಸಾಲಿನಲ್ಲೇ ಒಂದು ಸುಳ್ಳಿದೆ. 'ಶಿವಮೊಗ್ಗ – ಬೆಂಗಳೂರು. ಹಾರಾಟದ ಸಮಯ: ಒಂದು ಗಂಟೆ.' ಈ ಸಾಲನ್ನು ನಂಬಿ ನಾನು ನನ್ನ ಒಡಹುಟ್ಟಿದ ತಂಗಿಯ ಮಣ್ಣಿಗೆ ಒದಗಲಿಲ್ಲ. ತವರಿನ ಸೀರೆ ಹಿಡಿದುಕೊಂಡು ಅವಳ ಊರಿನ ನೆತ್ತಿಯ ಮೇಲೆ ಮೂರು ಸುತ್ತು ಸುತ್ತಿ, ಇಳಿಯದೆ, ಹೊರಟಲ್ಲಿಗೇ ವಾಪಸಾದೆ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ದೂರದ ವಿಚಾರ, ಅದು ನಿಮ್ಮ ಇಲಾಖೆಯದೇ ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ.

'ಸುಳ್ಳು' ಎಂಬ ಮಾತು ಕಡತಕ್ಕೆ ಒಗ್ಗದಿದ್ದರೆ 'ಷರತ್ತುಗಳಿಗೆ ಒಳಪಟ್ಟ ಸತ್ಯ' ಎಂದು ತಿದ್ದಿಕೊಳ್ಳಬಹುದು, ನನ್ನ ಅಭ್ಯಂತರವಿಲ್ಲ. ಪತ್ರಿಕೆಯ ಮೂಲಕ ಇಂಥ ಬಹಿರಂಗ ಪತ್ರ ಬರೆಯುವವರು ಸಾಮಾನ್ಯವಾಗಿ ಕೋಪದಿಂದ ಬರೆಯುತ್ತಾರೆ. ನನಗಿನ್ನೂ ಕೋಪ ಬಂದಿಲ್ಲ. ಹದಿನೆಂಟು ದಿನದಿಂದ ಕಾಯುತ್ತಿದ್ದೇನೆ. ಅದೂ ಎಲ್ಲೋ ಮೋಡದ ಮೇಲೆ ಸುತ್ತು ಹೊಡೆಯುತ್ತಿರಬೇಕು. ಅಳುವಿನ ಸಮಾಚಾರವೂ ಹಾಗೆಯೇ. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ, ನಿವೃತ್ತನಾದ ಮೇಲೆ ವೇದಿಕೆಗಳಲ್ಲಿ ಹಾಸ್ಯ ಭಾಷಣ ಮಾಡುತ್ತ ತಿರುಗಿದವನಿಗೆ ಬಾಯಲ್ಲಿ ತಮಾಷೆ ಬರುವುದು ಅಭ್ಯಾಸಬಲದಿಂದ. ಈ ಪತ್ರದಲ್ಲೂ ಅಲ್ಲಲ್ಲಿ ಬಂದರೆ ದಯವಿಟ್ಟು ಅದನ್ನು ಉತ್ಸಾಹವೆಂದು ತಿಳಿಯಬೇಡಿ.

ಮೊದಲು ನನ್ನ ಪಾಲಿನ ತಪ್ಪನ್ನು ಒಪ್ಪಿಸಿಬಿಡುತ್ತೇನೆ, ಆಮೇಲೆ ನೀವು ಅದನ್ನು ಹುಡುಕಿ ತೆಗೆಯುವ ಶ್ರಮ ಬೇಡ. ಸೋಗಾನೆಯಲ್ಲಿ ವಿಮಾನ ಇಳಿಯತೊಡಗಿದ ಹೊಸತರಲ್ಲಿ ನಿಮ್ಮ ಕಚೇರಿಯಿಂದ ನನಗೊಂದು ಕರೆ ಬಂತು. ಆಗ ಕುರ್ಚಿಯಲ್ಲಿದ್ದವರು ನೀವೋ ನಿಮ್ಮ ಹಿಂದಿನವರೋ ಗೊತ್ತಿಲ್ಲ. ಕುರ್ಚಿ ಅದೇ, ಕುರ್ಚಿಯ ಮೇಲಿನ ಟವೆಲೂ ಅದೇ. ಫಲಕದ ಕರಡನ್ನು ನನ್ನ ಮುಂದಿಟ್ಟು, "ಮೇಷ್ಟ್ರೇ, ಕನ್ನಡ ಒಂಚೂರು ನೋಡಿಕೊಡಿ. ಕೆಳಗಡೆ ಜನಕ್ಕೆ ಹಿಡಿಸೋ ಹಾಗೆ ಒಂದು ಸಾಲು ಬೇಕು" ಎಂದರು. ನಾನು ಕನ್ನಡಕ ಏರಿಸಿ ಒತ್ತಕ್ಷರ, ದೀರ್ಘ ಎಲ್ಲ ನೋಡಿದೆ. ಅಂಕಿಗಳನ್ನು ನೋಡಲಿಲ್ಲ. ಅಂಕಿ ನಮ್ಮ ವಿಭಾಗದ್ದಲ್ಲವಲ್ಲ! ಕೆಳಗಿನ ಸಾಲನ್ನು ಅಲ್ಲೇ ಕೂತು ಬರೆದೆ: 'ಕಾಫಿ ಆರುವ ಮೊದಲೇ ಬೆಂಗಳೂರು.' ನಿಮ್ಮವರು ಚಪ್ಪಾಳೆ ತಟ್ಟಿದರು. ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಬುಟ್ಟಿಯಲ್ಲಿದ್ದ ಸೇಬು ಹಿಟ್ಟುಹಿಟ್ಟಾಗಿತ್ತು, ಆದರೂ ತಿಂದೆ. ಆಮೇಲೆ ಸುಮಾರು ನಲವತ್ತು ವೇದಿಕೆಗಳಲ್ಲಿ ಈ ಸಾಲನ್ನು ನಾನೇ ಹೇಳಿ ನಾನೇ ನಕ್ಕಿದ್ದೇನೆ. ಹೀಗೆ ನಲವತ್ತು ಸಲ ಹೇಳಿಕೊಂಡ ಮಾತನ್ನು ಮನುಷ್ಯ ನಂಬದೆ ಇರುವುದು ಹೇಗೆ? ನೀವು ಬರೆಸಿದ್ದು ಬರೀ ತಗಡಿನ ಮೇಲೆ. ಅದು ನನ್ನ ತಲೆಯೊಳಗೂ ಮೂಡಿಬಿಟ್ಟಿತ್ತು.

ನನ್ನ ತಂಗಿ ಸುಭದ್ರಮ್ಮ ನಂಬಿರಲಿಲ್ಲ. ಭದ್ರಾವತಿಯ ಹಳೇನಗರದಲ್ಲಿ ಅವಳ ಮನೆ. ಗಂಡ ಶಿವರಾಜ್, ನನ್ನ ಭಾವ, ಕಾರ್ಖಾನೆಯಿಂದ ನಿವೃತ್ತರು. ಮಗಳು ಅಮೂಲ್ಯ ಅಲ್ಲೇ ಶಾಲೆಯೊಂದರಲ್ಲಿ ಟೀಚರು. ವಿಮಾನ ಅವರ ಊರಿನ ಮೇಲೆ ಹಾದುಹೋಗುವ ದಿನಗಳಲ್ಲಿ ಸುಭದ್ರ ನನಗೆ ಫೋನ್ ಮಾಡುತ್ತಿದ್ದಳು.

"ಅಣ್ಣಾ, ನಿನ್ನ ಕಾಫಿ ಹೋಯ್ತು ನೋಡು ಮೇಲ್ಗಡೆ."

"ಹೋಗ್ಲಿ ಬಿಡೆ ಮಾರಾಯ್ತಿ. ಬೆಂಗಳೂರು ಒಂದೇ ಗಂಟೆ ಈಗ, ಗೊತ್ತಾ?"

"ಗೊತ್ತು, ಬೋರ್ಡ್ ಓದಿದೀನಿ. ಬೆಂಗಳೂರು ಒಂದು ಗಂಟೆ. ಭದ್ರಾವತಿ ಎಷ್ಟು ಗಂಟೆ?"

"ಅದು ಬೋರ್ಡಲ್ಲಿಲ್ಲ."

"ಅದಕ್ಕೇ ನೀನು ಬರಲ್ಲ ಅನ್ಸುತ್ತೆ. ನಿನಗೆ ಅಂತ ಮಾಡಿಟ್ಟ ಕಾಫಿ ಆರಿ ನಾಲ್ಕು ತಿಂಗಳಾಯ್ತು ಮಾರಾಯ."

ಇದಕ್ಕೆ ನಾನೊಂದು ತಮಾಷೆಯ ಉತ್ತರ ಕೊಟ್ಟೆ. ಏನೆಂದು ಈಗ ನೆನಪಿಲ್ಲ. ಅವಳು ನಕ್ಕದ್ದು ಮಾತ್ರ ನೆನಪಿದೆ. ನಗಿಸಿದರೆ ಬಂದುಹೋದ ಹಾಗೆಯೇ ಎಂಬ ಭ್ರಮೆ ನನ್ನಂಥ ಕಸುಬಿನವರಿಗೆ ಇರುತ್ತದೆ, ಮಾನ್ಯರೇ. ಈ ಸಲದ ಗೌರಿ ಹಬ್ಬಕ್ಕೂ ಹೀಗೆಯೇ ಆಯಿತು. ಹಬ್ಬದ ಸೀರೆಯನ್ನು ಅಣ್ಣ ಒಯ್ದು ತಂಗಿಯ ಕೈಗೆ ಕೊಡುವುದು ನಮ್ಮ ಮನೆಯ ಪದ್ಧತಿ. ಆ ವಾರ ನನಗೆ ಗಣಪತಿ ಪೆಂಡಾಲುಗಳ ಹಾಸ್ಯ ಕಾರ್ಯಕ್ರಮಗಳ ಸುಗ್ಗಿ. ಬಸ್ ನಿಲ್ದಾಣಕ್ಕೆ ಹೋಗಿ, ಪರಿಚಯದ ಕಂಡಕ್ಟರೊಬ್ಬರ ಕೈಯಲ್ಲಿ ಸೀರೆಯ ಪೊಟ್ಟಣ ಕಳಿಸಿ, ನಿಮ್ಮ ಫಲಕದ ಕೆಳಗೆ ನಿಂತೇ ಅವಳಿಗೆ ಫೋನ್ ಮಾಡಿದೆ. "ಕಂಡಕ್ಟರ್ ಅಣ್ಣ ತಂದ್ಕೊಟ್ಟಿದ್ದನ್ನ ನಾನು ಉಡಲ್ಲ. ನೀನು ಬಂದು ಕೈಯಾರೆ ಕೊಡು, ಅವತ್ತು ಒಡೀತೀನಿ ಪ್ಯಾಕೆಟ್ಟು" ಎಂದಳು. ಅದೂ ತಮಾಷೆಯೇ ಎಂದುಕೊಂಡೆ.

ಇನ್ನು ಆ ದಿನದ ವಿಷಯ. ಕಾರ್ತಿಕ ಮುಗಿದು ವಾರವಾಗಿತ್ತು. ನಾನು ಬೆಂಗಳೂರಿನಲ್ಲಿದ್ದೆ, ಹಿಂದಿನ ಸಂಜೆ ಒಂದು ಬ್ಯಾಂಕ್ ನೌಕರರ ಸಂಘದವರನ್ನು ಒಂದೂವರೆ ಗಂಟೆ ನಗಿಸಿದ್ದೆ. ಬೆಳಿಗ್ಗೆ ಐದೂ ನಲವತ್ತಕ್ಕೆ ಅಮೂಲ್ಯಳ ಫೋನು. "ಮಾವಾ" ಎಂದಳು. ಹಾಲು ಕಾಯಿಸಲು ಎದ್ದ ಸುಭದ್ರ ಒಲೆಯ ಕಟ್ಟೆಗೆ ಒರಗಿ ಕೂತಳಂತೆ, ಅಷ್ಟೇ. ಅರವತ್ತೊಂದು ವರ್ಷ.

ನಮ್ಮಲ್ಲಿ ಮಣ್ಣು ಅದೇ ದಿನ, ಹೊತ್ತು ಮುಳುಗುವುದರೊಳಗೆ. ಮುತ್ತೈದೆ ಹೋದರೆ ತವರಿನಿಂದ ಹೊಸ ಸೀರೆ ಬರಬೇಕು, ತವರಿನವರೇ ಮಡಿಲು ತುಂಬಬೇಕು. ಅದು ಬರುವತನಕ ಎತ್ತುವುದಿಲ್ಲ. ಅವಳಿಗೆ ತವರೆಂದು ಉಳಿದಿದ್ದವನು ನಾನೊಬ್ಬನೇ. ಇದು ನಿಮಗೆ ತಿಳಿಯದ್ದೇನಲ್ಲ, ನೀವೂ ಯಾರದೋ ಮನೆಯ ಅಣ್ಣನೋ ತಂಗಿಯೋ ಆಗಿರುತ್ತೀರಿ. ನಾನು ಅಮೂಲ್ಯಳಿಗೆ ಹೇಳಿದ ಮೊದಲ ಮಾತು ಸಮಾಧಾನದ್ದಾಗಿರಲಿಲ್ಲ. "ಒಂದೇ ಗಂಟೆ ಕಣಮ್ಮಾ, ಫ್ಲೈಟಿಗೆ ಬರ್ತೀನಿ. ಕಾಯ್ರಿ" ಎಂದೆ. ನಿಮ್ಮ ಫಲಕವೇ ನನ್ನ ಬಾಯಿಂದ ಮಾತಾಡಿತು.

ಕಾರ್ಯಕ್ರಮ ಏರ್ಪಡಿಸಿದ್ದ ನಿಶಾಂತ್ ಎಂಬ ಸಂಘದ ಕಾರ್ಯದರ್ಶಿ ಸುದ್ದಿ ಕೇಳಿ ಆರೂಕಾಲಿಗೆ ನನ್ನ ಕೋಣೆಯ ಬಾಗಿಲಲ್ಲಿದ್ದ. ಒಳ್ಳೆಯ ಮನುಷ್ಯ, ಹಲ್ಲು ಕೂಡ ಉಜ್ಜದೆ ಬಂದಿದ್ದ.

"ಸರ್, ನನ್ನ ಕಾರು ಕೆಳಗೇ ಇದೆ. ಈಗ ಹೊರಟ್ರೆ ಆರು ಗಂಟೆ ದಾರಿ. ನಾನೇ ಬಿಟ್ಟುಬರ್ತೀನಿ, ಹತ್ತಿ."

"ಆರು ಗಂಟೆ ಯಾಕಪ್ಪಾ, ಒಂದು ಗಂಟೆ ಇರುವಾಗ?"

"ಆದ್ರೂ ಸರ್, ಕಾರು ಅಂದ್ರೆ ನಮ್ಮ ಕೈಲಿರುತ್ತೆ..."

"ಹನ್ನೊಂದೂ ಹತ್ತಕ್ಕಿದೆ ಫ್ಲೈಟು. ನೀನು ಮಲಗು ಹೋಗು ಮಾರಾಯ."

ಅವನು ಮಲಗಲು ಹೋಗಲಿಲ್ಲ. ಮನೆಗೆ ಹೋಗಿ ಹೆಂಡತಿಯಿಂದ ಮಡಿಲು ತುಂಬುವ ಸಾಮಾನು ಕಟ್ಟಿಸಿಕೊಂಡು ಬಂದ: ಅಕ್ಕಿ, ಅರಿಶಿನ, ಕುಂಕುಮ, ಹಸಿರು ಗಾಜಿನ ಬಳೆ, ಒಂದು ಜೊತೆ ಒಣಕೊಬ್ಬರಿ. ಅವನೇ ನನ್ನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟ. ಅದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಆ ಹೊತ್ತಿಗೆ ಅದೇ ಕಾರು, ಅದೇ ನಿಶಾಂತ್, ಅದೇ ನಾನು ತುಮಕೂರು ದಾಟಿರುತ್ತಿದ್ದೆವು. ದಾರಿಯಲ್ಲಿ ಅವನು ಈ ಮಾತನ್ನು ಹೇಳಲಿಲ್ಲ. ನಾನೂ ಯೋಚಿಸಲಿಲ್ಲ.

ನಿಲ್ದಾಣದೊಳಗೆ ಸೀರೆಯ ಅಂಗಡಿಯೊಂದು ತೆರೆದಿತ್ತು. ಕೌಂಟರಿನ ಹೆಣ್ಣುಮಗಳು ಒಂದೊಂದಾಗಿ ಹರಡಿ ತೋರಿಸುತ್ತಾ, "ಯಾರಿಗೆ ಸರ್, ಮಿಸೆಸ್ಸಿಗಾ?" ಎಂದಳು. "ತಂಗಿಗೆ" ಎಂದೆ. "ಫಂಕ್ಷನ್ನಾ?" "ಹೂಂ." "ಹಾಗಾದ್ರೆ ಈ ಹಸಿರು ತಗೊಳಿ, ಕೆಂಪು ಅಂಚು. ಮೇಡಮ್ಮಿಗೆ ತುಂಬಾ ಇಷ್ಟ ಆಗುತ್ತೆ ನೋಡಿ. ಆಗ್ಲಿಲ್ಲ ಅಂದ್ರೆ ಹದಿನೈದು ದಿನದೊಳಗೆ ಬದಲಾಯಿಸ್ಕೋಬಹುದು." ಚೀಲಕ್ಕೆ ಬಣ್ಣದ ಕಾಗದದ ಹೂವೊಂದನ್ನೂ ಅಂಟಿಸಿಕೊಟ್ಟಳು. ತಪಾಸಣೆಯ ಕಡೆ ಸಮವಸ್ತ್ರದ ಯುವಕ ಕೊಬ್ಬರಿಯನ್ನು ಹೊರಗೆ ತೆಗೆದಿಟ್ಟ. ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಇರುವುದರಿಂದ ವಿಮಾನದಲ್ಲಿ ನಿಷಿದ್ಧವಂತೆ. ನಾನು ಇದು ಮಡಿಲು ತುಂಬಲು ಎಂದೆ. ಅವನಿಗೆ ಅರ್ಥವಾಯಿತು, ಯಾವ ಸಂದರ್ಭಕ್ಕೆ ಎಂದು ಮಾತ್ರ ಆಗಲಿಲ್ಲ. ನಗುತ್ತ, "ಊರಲ್ಲಿ ಸಿಗುತ್ತಲ್ಲ ಸರ್, ಒಂದೇ ಗಂಟೆ ಜರ್ನಿ" ಎಂದ.

ಯಾವ ಕಂಪನಿಯ ವಿಮಾನ ಎಂಬುದನ್ನು ಬರೆಯುವುದಿಲ್ಲ. ಅವರ ಮೇಲೆ ನನ್ನ ದೂರಿಲ್ಲ. ಕಾಣದ ನೆಲಕ್ಕೆ ಇಳಿಯಲಿಲ್ಲ ಎಂದು ಯಾರನ್ನೂ ಬಯ್ಯಲಾಗದು. ಮೋಡದ ಮೇಲೂ ದೂರಿಲ್ಲ. ಹನ್ನೊಂದೂ ಇಪ್ಪತ್ತಕ್ಕೆ ಏರಿದೆವು. ಪಕ್ಕದ ಆಸನದಲ್ಲಿ ತ್ರಿವಿಕ್ರಮ ಎಂಬ ಅಡಿಕೆ ಬೆಳೆಗಾರರು, ಕುಂಸಿಯ ಕಡೆಯವರು. ನನ್ನನ್ನು ಗುರುತು ಹಿಡಿದುಬಿಟ್ಟರು. "ಓಹೋ, ಕಾಫಿ ಮೇಷ್ಟ್ರು! ನಿಮ್ಮ ಪಕ್ಕ ಕೂತ್ಮೇಲೆ ಟೈಂಪಾಸ್ ಯೋಚನೆ ಇಲ್ಲ ಬಿಡಿ. ಏನಾರೂ ಒಂದು ಹೇಳಿ ಮಾರಾಯ್ರೆ." ನಾನು ಒಂದು ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಡಿಲಲ್ಲಿ ಸೀರೆಯ ಚೀಲ ಇಟ್ಟುಕೊಂಡು ನಾನು ಯಾಕೆ ಹೇಳಿದೆನೋ ನನಗೇ ಗೊತ್ತಿಲ್ಲ. ಕೇಳಿದರು, ಹೇಳಿದೆ.

ಹನ್ನೆರಡೂ ಕಾಲಿಗೆ ಕೆಳಗೆ ಮೋಡದ ಚಾಪೆ. ಚಾಲಕರು ಧ್ವನಿವರ್ಧಕದಲ್ಲಿ, ರನ್‌ವೇ ಕಾಣುತ್ತಿಲ್ಲ, ಸ್ವಲ್ಪ ಹೊತ್ತು ಕಾದು ನೋಡುತ್ತೇವೆ ಎಂದರು. ವಿಮಾನ ವಾಲಿಕೊಂಡು ಸುತ್ತತೊಡಗಿತು. ಎರಡನೇ ಸುತ್ತಿನಲ್ಲಿ ಚಾಪೆಗೆ ಒಂದು ತೂತು ಬಿತ್ತು. ಆ ತೂತಿನೊಳಗೆ ಭದ್ರಾ ಹೊಳೆ, ಹೊಳೆಯ ಸೇತುವೆ, ಕಾರ್ಖಾನೆಯ ಉದ್ದ ಚಿಮಣಿ. ಸೇತುವೆಯಿಂದ ಈಚೆ ಎರಡು ಬೀದಿ ಎಣಿಸಿದರೆ ಸುಭದ್ರಳ ಮನೆ. ಎಣಿಸುವುದರೊಳಗೆ ತೂತು ಮುಚ್ಚಿತು. ಮಾನ್ಯರೇ, ನಿಮ್ಮ ಫಲಕದಲ್ಲಿ ದೂರವನ್ನು ಅಡ್ಡಡ್ಡ ಅಳೆದಿದ್ದೀರಿ. ಆ ಕ್ಷಣ ನನಗೂ ನನ್ನ ತಂಗಿಗೂ ಇದ್ದ ದೂರ ನೆಟ್ಟಗೆ ಕೆಳಕ್ಕೆ ಇತ್ತು, ಎರಡು ಕಿಲೋಮೀಟರ್ ಇದ್ದೀತು. ಅಷ್ಟು ದೂರವನ್ನು ನಾನು ದಿನಾ ಬೆಳಿಗ್ಗೆ ಸಕ್ಕರೆ ಕಾಯಿಲೆಗಾಗಿ ನಡೆಯುತ್ತೇನೆ.

ಈಗ ಕೆಳಗಿನ ಸಂಗತಿ. ಇದನ್ನು ಆಮೇಲೆ ಅಮೂಲ್ಯ ಹೇಳಿದ್ದು. ಸುಭದ್ರಳನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು, ನಮ್ಮಲ್ಲಿ ಮಲಗಿಸುವುದಿಲ್ಲ. ಹಣೆಗೆ ವಿಭೂತಿ, ಕೊರಳಲ್ಲಿ ಹೂವು. ಹೊರಗೆ ಬಿದಿರು, ಬಾಳೆಕಂಬ ಕಟ್ಟಿ, ಕೂರಿಸಿ ಒಯ್ಯುವ ಮಂಟಪವನ್ನು ಸಿದ್ಧ ಮಾಡುತ್ತಿದ್ದರು. ಆ ಮಂಟಪಕ್ಕೂ ನಮ್ಮ ಕಡೆ ವಿಮಾನ ಎಂದೇ ಹೆಸರು. ಬೇರೆ ದಿನವಾಗಿದ್ದರೆ ಈ ಪದವನ್ನು ನಾನು ಸುಮ್ಮನೆ ಬಿಡುತ್ತಿರಲಿಲ್ಲ. ಇವತ್ತು ಬಿಟ್ಟಿದ್ದೇನೆ.

ಹನ್ನೆರಡೂ ಇಪ್ಪತ್ತಕ್ಕೆ ಮೇಲೆ ಸದ್ದು ಕೇಳಿಸಿತಂತೆ. ಅಂಗಳದಲ್ಲಿದ್ದವರೆಲ್ಲ ತಲೆಯೆತ್ತಿದರು. ಪಕ್ಕದ ಮನೆಯ, ಭಾವನ ಜೊತೆ ಕಾರ್ಖಾನೆಯಲ್ಲಿದ್ದವರ ಹೆಂಡತಿ, ತಮಿಳಿನಾಕೆ, "ಅಣ್ಣ ವಂದುಟ್ಟಾರು, ಅಣ್ಣ ಬಂದ್ರು" ಎಂದು ಎರಡೂ ಭಾಷೆಯಲ್ಲಿ ಕೂಗಿ ಹೇಳಿದಳು. ಭಾವ ಬೆಳಗಿನಿಂದ ಮೊದಲ ಬಾರಿಗೆ ಕುರ್ಚಿಯಿಂದ ಎದ್ದು ಬಾಗಿಲಿಗೆ ಬಂದರಂತೆ. ಮನೆಗೆಲ್ಲ ಹಿರಿಯಳಾದ ಕಲ್ಲಮ್ಮ, ಭಾವನ ಸೋದರತ್ತೆ, ಎಂಬತ್ತು ದಾಟಿದವರು, ಅಪ್ಪಣೆ ಕೊಟ್ಟರು:

"ಬಂತು ಸೀರೆ. ಸೋಗಾನೆ ಇನ್ನೆಷ್ಟು ದೂರ, ಅರ್ಧ ಗಂಟೆಗೆ ಇಲ್ಲಿರ್ತಾರೆ. ಏಳ್ರೇ, ನೀರು ಹಾಕಿಬಿಡಣ."

ಹೆಂಗಸರು ಅವಳಿಗೆ ಸ್ನಾನ ಮಾಡಿಸಿದರು. ಸ್ನಾನವಾದ ಮೇಲೆ ಹಳೆಯ ಸೀರೆ ಉಡಿಸುವಂತಿಲ್ಲ, ತವರಿನ ಹೊಸದೇ ಆಗಬೇಕು. ಅರ್ಧ ಗಂಟೆಯ ಮಾತು ತಾನೇ? ಭಾವನ ಒಗೆದ ಪಂಚೆಯೊಂದನ್ನು ಸುತ್ತಿ ಕೂರಿಸಿದರು. ವಿಮಾನದ ಸದ್ದನ್ನು ಸೀರೆಯೇ ಎಂದು ಲೆಕ್ಕ ಹಿಡಿದ ಆ ಮುಗ್ಧ ತಪ್ಪು ಯಾರದು, ಮಾನ್ಯರೇ? ಬೇರೆ ಊರಿನಲ್ಲಾಗಿದ್ದರೆ, 'ಬರಲಿ ನೋಡೋಣ' ಎನ್ನುತ್ತಿದ್ದರು. ನಮ್ಮವರಿಗೆ ವಿಮಾನ ಹೊಸತು. ಬಸ್ಸು ಊರ ಮೇಲೆ ಹಾದರೆ ಊರಲ್ಲಿ ನಿಲ್ಲುತ್ತದೆ, ವಿಮಾನವೂ ಹಾಗೆಯೇ ಎಂದುಕೊಂಡರು. ಸದ್ದು ಮತ್ತೆ ಬಂತು, ಮತ್ತೆ ದೂರವಾಯಿತು, ಮೂರನೇ ಸಲವೂ ಬಂತು. ಆಮೇಲೆ ಬರಲಿಲ್ಲ. ಇಳಿಯಿತು ಎಂದುಕೊಂಡರು. ಅಮೂಲ್ಯ ಬೀದಿಯ ತುದಿಯವರೆಗೆ ನಡೆದು ಹೋಗಿ ನಿಂತಳಂತೆ, ಮಾವನ ಗಾಡಿ ಸಂದಿ ತಪ್ಪಬಾರದೆಂದು.

ಒಂದೂ ಮೂವತ್ತೈದಕ್ಕೆ ನಾನು ಇಳಿದದ್ದು ಬೆಂಗಳೂರಿನಲ್ಲಿ. ಮೊಬೈಲ್ ಚಾಲೂ ಮಾಡಿದೆ, ಹನ್ನೊಂದು ಕರೆ ತಪ್ಪಿದ್ದವು. ಹನ್ನೆರಡನೆಯದು ಕೈಯಲ್ಲೇ ಬಂತು.

"ಮಾವಾ, ಎಲ್ಲಿದೀರಾ? ಇಲ್ಲಿ ರೋಡಲ್ಲೇ ನಿಂತಿದೀನಿ ನಾನು. ಬಿಳಿ ಕಾರಾ?"

"ಬೆಂಗಳೂರಲ್ಲಿದೀನಿ ಕಣಮ್ಮ."

"ಇಲ್ಲ ಮಾವ, ಫ್ಲೈಟ್ ಬಂತಲ್ಲ. ನಾವೆಲ್ಲಾ ಕೇಳಿಸ್ಕೊಂಡ್ವಲ್ಲ."

"ಬಂದಿದ್ದೆ. ಇಳೀಲಿಲ್ಲ."

ಆಮೇಲೆ ಚಪ್ಪಲಿಯ ಸದ್ದು, ಮನೆಯವರೆಗೆ ನಡೆದು ಹೋದ ಸದ್ದು, ಫೋನು ಕೈ ಬದಲಾದದ್ದು. ಕಲ್ಲಮ್ಮ.

"ಉಜ್ಜಣ್ಣ, ಈಗ ಹೊರಟ್ರೆ ಎಷ್ಟೊತ್ತಿಗೆ ಬರ್ತೀರಿ?"

"ರಾತ್ರಿ ಎಂಟು ಆಗುತ್ತೆ ಕಲ್ಲಮ್ಮಾ."

"ಹೊತ್ತು ಆರಕ್ಕೆ ಮುಂಚೆ ಮುಳುಗುತ್ತೆ ಮಾರಾಯ್ರೆ. ಅಷ್ಟೊತ್ತು ಕೂರಿಸಾಕೆ ಆಗಲ್ಲ. ಪಂಚೇಲಿ ಕೂತದೆ ಹುಡುಗಿ." ಅರವತ್ತೊಂದರವಳನ್ನು ಹುಡುಗಿ ಎಂದರು. "ಒಂದು ಮಾತು ಕೇಳ್ತೀನಿ. ಬೀರುನಾಗೆ ನೀವು ಕಳಿಸಿದ್ ಪ್ಯಾಕೆಟ್ಟೊಂದು ಹಂಗೇ ಅದೆ, ದಾರಾನೂ ಬಿಚ್ಚಿಲ್ಲ. ಗೌರಿ ಹಬ್ಬದ್ದಂತೆ. ಅಣ್ಣ ಬರ್ಲಿ ಅಂತ ಇಟ್ಕೊಂಡಿದ್ಲಂತೆ, ಅಮೂಲ್ಯ ಹೇಳ್ತು. ಒಡೀಲಾ?"

ನಾನು ಸಾಮಾನು ಬರುವ ಪಟ್ಟಿಯ ಪಕ್ಕ ನಿಂತಿದ್ದೆ. ಅದು ಖಾಲಿ ಸುತ್ತುತ್ತಿತ್ತು.

"ಒಡೀರಿ" ಎಂದೆ.

"ತವರಿಂದು ಅಂದ್ರೆ ತವರಿಂದೇ. ಮೂರು ತಿಂಗಳು ಮುಂಚೆ ಬಂತು ಅಂದ್ಕೊಳಣ. ಮಡಿಲಿಗೆ ನಮ್ಮನೆ ಅಕ್ಕಿನೇ ಹಾಕಿ ನಿಮ್ಮ ಹೆಸ್ರು ಹೇಳ್ತೀನಿ. ಆಯ್ತಾ? ನೀವು ನಿಧಾನಕ್ಕೆ ಬನ್ನಿ. ಊಟ ಮಾಡ್ಕೊಂಡ್ ಬನ್ನಿ."

ಕಾಗದ ಹರಿಯುವ ಸದ್ದು ಕೇಳಿಸಿತು. ಒಳಗೆ ಯಾವ ಬಣ್ಣದ ಸೀರೆ ಇತ್ತೆಂದು ನನಗೆ ನೆನಪಿರಲಿಲ್ಲ. ಯಾರೋ, "ಹಸಿರೇ ಅದೆ ನೋಡ್ರೀ" ಎಂದರು.

ಇನ್ನು ಹೆಚ್ಚಿಲ್ಲ. ನಿಶಾಂತನೇ ಮತ್ತೆ ಬಂದು ಕಾರಿನಲ್ಲಿ ಕರೆದೊಯ್ದ. ನಾಲ್ಕು ಗಂಟೆಗೆ ಅವಳನ್ನು ಎತ್ತಿದರು, ಆಗ ನಾವು ತುಮಕೂರಿನ ಹತ್ತಿರ ಇದ್ದೆವು. ತರೀಕೆರೆ ದಾಟುವಾಗ ದೀಪ ಹಚ್ಚಿದ್ದರು. ಬೆಂಗಳೂರಿನಿಂದ ರಸ್ತೆಯಲ್ಲಿ ಬಂದರೆ ಭದ್ರಾವತಿ ಮೊದಲು, ಶಿವಮೊಗ್ಗ ಆಮೇಲೆ. ಇದು ನಿಮ್ಮ ಫಲಕ ನೋಡಿದವರಿಗೆ ತಿಳಿಯುವುದಿಲ್ಲ. ಮನೆಯಲ್ಲಿ ಪಡಸಾಲೆ ತೊಳೆದಿದ್ದರು. ಅವಳು ಒರಗಿ ಕೂತಿದ್ದಲ್ಲಿ ಗೋಡೆಗೆ ಒಂದಿಷ್ಟು ವಿಭೂತಿ ಹತ್ತಿತ್ತು, ತೊಳೆದವರು ಅಷ್ಟನ್ನು ಬಿಟ್ಟಿದ್ದರು. ಭಾವ ನನ್ನ ಕೈಯಲ್ಲಿದ್ದ ಚೀಲವನ್ನೂ ಅದರ ಮೇಲಿನ ಕಾಗದದ ಹೂವನ್ನೂ ನೋಡಿದರು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಅಮೂಲ್ಯ ಕಾಫಿ ತಂದುಕೊಟ್ಟಳು. ಆರುವ ಮೊದಲೇ ಕುಡಿದೆ.

ಈಗ ವಾದಕ್ಕೆ ಬರುತ್ತೇನೆ. ಹದಿನೆಂಟು ದಿನದಲ್ಲಿ ನಾನು ಮಾಡಿದ ಕೆಲಸವೆಂದರೆ ಇದೊಂದು ಕೂಡುವ ಲೆಕ್ಕ. ವಿಮಾನ ಹೇಳಿದ ಹೊತ್ತಿಗೆ ಸರಿಯಾಗಿ ಇಳಿದಿತ್ತು ಎಂದೇ ಇಟ್ಟುಕೊಳ್ಳೋಣ. ನಿಲ್ದಾಣಕ್ಕೆ ಹೋಗಲು ಒಂದೂವರೆ ಗಂಟೆ, ಅಲ್ಲಿ ಸೀರೆ, ತಪಾಸಣೆ, ಕಾಯುವುದು, ಮತ್ತೆ ಕಾಯುವುದು, ಆಮೇಲೆ ನಿಮ್ಮ ಪ್ರಖ್ಯಾತ ಒಂದು ಗಂಟೆ, ಸೋಗಾನೆಯಲ್ಲಿ ಹೊರಬಂದು ಗಾಡಿ ಹಿಡಿದು ಭದ್ರಾವತಿ. ಎಲ್ಲ ಸುಸೂತ್ರವಾಗಿದ್ದರೆ ನಾನು ಅವಳ ಬಾಗಿಲಲ್ಲಿ ನಿಲ್ಲುತ್ತಿದ್ದದ್ದು ಮಧ್ಯಾಹ್ನ ಒಂದಕ್ಕೆ. ನಿಶಾಂತನ ಕಾರಿನಲ್ಲಿ ಆರೂಕಾಲಿಗೆ ಹೊರಟಿದ್ದರೆ? ಹನ್ನೆರಡೂ ಕಾಲಿಗೆ. ಅಂದರೆ ನಿಮ್ಮ ಒಂದು ಗಂಟೆ ರಸ್ತೆಯ ಆರು ಗಂಟೆಗಿಂತ ಮುಕ್ಕಾಲು ಗಂಟೆ ಉದ್ದವಿದೆ. ಮೋಡವಿಲ್ಲದ ದಿನವೂ! ಇದನ್ನು ಕಂಡುಹಿಡಿಯಲು ಗಣಿತದ ಪದವಿ ಬೇಕಿರಲಿಲ್ಲ, ಬೆರಳು ಸಾಕಿತ್ತು. ಆ ಬೆಳಿಗ್ಗೆ ನನ್ನ ಹತ್ತೂ ಬೆರಳು ನನ್ನ ಬಳಿಯೇ ಇದ್ದವು. ಎಣಿಸಲಿಲ್ಲ, ಏಕೆಂದರೆ ಉತ್ತರ ಆಗಲೇ ಫಲಕದ ಮೇಲಿತ್ತು, ಸರ್ಕಾರಿ ಮೊಹರಿನ ಪಕ್ಕ. ಮೊಹರು ಬಿದ್ದ ಉತ್ತರವನ್ನು ಪರಿಶೀಲಿಸುವ ಅಭ್ಯಾಸ ನಮ್ಮ ಜನಕ್ಕೆ ಯಾರಾದರೂ ಕಲಿಸಿದ್ದಾರೆಯೇ? ನಾನು ಮೂವತ್ತೆರಡು ವರ್ಷ ಕಲಿಸಿದೆ, ಇದನ್ನು ಕಲಿಸಲಿಲ್ಲ.

ನೀವು ಹೇಳಬಹುದು: ಫಲಕದಲ್ಲಿ 'ಹಾರಾಟದ ಸಮಯ' ಎಂದಿದೆ, 'ಪ್ರಯಾಣದ ಸಮಯ' ಎಂದಿಲ್ಲ. ಸರಿಯಾದ ಮಾತು. ಚಕ್ರ ನೆಲ ಬಿಟ್ಟಲ್ಲಿಂದ ಚಕ್ರ ನೆಲ ಮುಟ್ಟುವವರೆಗೆ. ಆದರೆ ಮಾನ್ಯರೇ, ಮನುಷ್ಯರು ಪ್ರಯಾಣ ಮಾಡುವುದು ಚಕ್ರದಿಂದ ಚಕ್ರಕ್ಕಲ್ಲ, ಹೊಸಿಲಿನಿಂದ ಹೊಸಿಲಿಗೆ. ಎರಡು ಹೊಸಿಲುಗಳ ನಡುವೆ ಎಷ್ಟು ಹೊತ್ತು ಎಂಬುದೊಂದೇ ಯಾರಿಗಾದರೂ ಬೇಕಾದ ಅಂಕಿ. ಅದನ್ನು ಯಾವ ಕಚೇರಿ ಅಳೆಯುತ್ತದೆ? ಹೆರಿಗೆಗೆ ಹೊರಟವರು, ಪರೀಕ್ಷೆಗೆ ಹೊರಟವರು, ಮಣ್ಣಿಗೆ ಹೊರಟವರು ಆ ನೀಲಿ ತಗಡನ್ನು ನೋಡಿಯೇ ಬಸ್ಸನ್ನು ಬಿಟ್ಟುಬಿಡುತ್ತಾರೆ. ಮೊನ್ನೆ ಮಂಗಳವಾರ ನಾನು ಅದರ ಕೆಳಗೆ ಮುಕ್ಕಾಲು ಗಂಟೆ ನಿಂತಿದ್ದೆ. ಇಬ್ಬರು ಅದರ ಫೋಟೋ ತೆಗೆದುಕೊಂಡರು. ಒಬ್ಬಾಕೆ ಫೋನಿನಲ್ಲಿ ಯಾರಿಗೋ, "ಒಂದೇ ಗಂಟೆ ಕಣೇ, ಆರಾಮಾಗಿ ಬಾ" ಎನ್ನುತ್ತಿದ್ದಳು. ಹೋಗಿ ತಡೆಯಬೇಕೆನಿಸಿತು. ಏನೆಂದು ಹೇಳಿ ತಡೆಯುವುದು? ಈ ಸಾಲು ಬರೆದವನು ನಾನೇ ಎಂದೇ?

ಆದ್ದರಿಂದ ನನ್ನ ಒತ್ತಾಯ ಹೀಗಿದೆ. 'ಒಂದು ಗಂಟೆ' ಎಂಬುದನ್ನು ಅಳಿಸಿ, ಅಥವಾ ಅದರ ಪಕ್ಕದಲ್ಲಿ ಅಷ್ಟೇ ದಪ್ಪ ಅಕ್ಷರದಲ್ಲಿ 'ಮನೆಯಿಂದ ಮನೆಗೆ ಏಳು ಗಂಟೆ, ಮೋಡವಿದ್ದರೆ ಹೇಳಲಾಗದು' ಎಂದು ಬರೆಸಿ. ಕೆಳಗಿರುವ ಕಾಫಿಯ ಸಾಲನ್ನು ಅಳಿಸಲು ನಿಮ್ಮ ಪೇಂಟರನ್ನು ಕಳಿಸಬೇಕಾಗಿಲ್ಲ. ಅನುಮತಿ ಕೊಟ್ಟರೆ ನಾನೇ ಏಣಿ ತಂದು ಅಳಿಸುತ್ತೇನೆ. ಶಾಲು ವಾಪಸು ತರುತ್ತೇನೆ. ಸೇಬು ತಿಂದಾಗಿದೆ. ಹಸಿರು ಸೀರೆ ಚೀಲದಲ್ಲೇ ಇದೆ. ಬದಲಾಯಿಸಿಕೊಳ್ಳುವ ಹದಿನೈದು ದಿನವೂ ಮುಗಿಯಿತು, ಅದರ ವಿಚಾರ ನಿಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಇನ್ನೊಂದು ಕೆಲಸವಿದೆ, ಅದು ನಿಮ್ಮ ವ್ಯಾಪ್ತಿಯದೇ. ಹೈದರಾಬಾದು, ಚೆನ್ನೈ, ತಿರುಪತಿ, ಗೋವಾ ಎಲ್ಲ ಇರುವ ಪಟ್ಟಿಯ ಕೊನೆಯಲ್ಲಿ ಒಂದು ಸಾಲಿನಷ್ಟು ಜಾಗ ಖಾಲಿಯಿದೆ. ಕೆಳಗೆ ನಿಂತು ಕಣ್ಣಲ್ಲೇ ಅಳೆದು ನೋಡಿದ್ದೇನೆ, ಸಾಕಾಗುತ್ತದೆ. ಅಲ್ಲಿ 'ಶಿವಮೊಗ್ಗ – ಭದ್ರಾವತಿ, ಇಪ್ಪತ್ತು ಕಿಲೋಮೀಟರ್, ಹತ್ತು ನಿಮಿಷಕ್ಕೊಂದು ಬಸ್ಸು' ಎಂದು ಬರೆಸಿ. ಸಮಯದ ಕಾಲಂ ಖಾಲಿ ಬಿಡಿ. ಅವಳು ಕೇಳಿದ್ದು ನನ್ನನ್ನು, ನಿಮ್ಮನ್ನಲ್ಲ. ನಾನಿನ್ನೂ ಉತ್ತರ ಕೊಟ್ಟಿಲ್ಲ.

ಇಂತಿ,
ಹೋಗಲು ಸಮಯವಿದ್ದಾಗ ಹೋಗದೆ, ಹೋದಾಗ ಇಳಿಯದೆ ಬಂದ
ಉಜ್ಜನಪ್ಪ
ಹೊಸಮನೆ, ಶಿವಮೊಗ್ಗ
(ಬಸ್ ನಿಲ್ದಾಣಕ್ಕೆ ನಡೆದು ಹದಿನೈದು ನಿಮಿಷ)